ನಾಟಿ ಟೊಮ್ಯಾಟೊ ಬೀಜದಿಂದಾನೇ ಬೆಳೀರಿ

ಬೆಂಗಳೂರಲ್ಲಿ ಟೆರೇಸ್ ಮೇಲೆ ಟೊಮ್ಯಾಟೊ ಹಾಕೋಕೆ ಸೆಪ್ಟೆಂಬರ್ ಕೊನೆಗಿಂತ ಒಳ್ಳೆ ಟೈಮ್ ಇಲ್ಲ ಅಂತ ನಾನು ಎಲ್ಲರಿಗೂ ಹೇಳ್ತಾನೇ ಇರ್ತೀನಿ. ಆಗ ಬೀಜ ಹಾಕಿದ್ರೆ ಡಿಸೆಂಬರ್ ಹೊತ್ತಿಗೆ ಹಣ್ಣು ಕೀಳ್ಬೋದು. ಫೆಬ್ರವರಿಲಿ ಹಾಕಿದ್ರೆ ಹೂ ಬಿಡೋ ಹೊತ್ತಿಗೆ ಏಪ್ರಿಲ್ ಬಿಸಿಲು ಬಂದಿರತ್ತೆ, 35 ಡಿಗ್ರಿ ದಾಟಿದ್ರೆ ಹೂವೆಲ್ಲ ಉದುರಿ ಕಾಯಿ ಕಚ್ಚೋದೇ ಕಷ್ಟ.

ನರ್ಸರಿಯಿಂದ ಸಸಿ ತರೋದು ಸುಲಭ, ಆದ್ರೆ ಅಲ್ಲಿ ಸಿಗೋದು ಹೆಚ್ಚಾಗಿ ಹೈಬ್ರಿಡ್. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ಅರ್ಕಾ ರಕ್ಷಕ್ ನಿಜಕ್ಕೂ ಒಳ್ಳೆ ತಳಿ, ಎಲೆ ಮುರುಟು ರೋಗ, ಸೊರಗು ರೋಗ, ಅಂಗಮಾರಿ ಮೂರನ್ನೂ ತಡ್ಕೊಳತ್ತೆ. ಆದ್ರೆ ಅದು ಎಫ್1, ಅಂದ್ರೆ ಎರಡು ತಳಿ ಸೇರಿಸಿ ಮಾಡಿದ ಮೊದಲ ಪೀಳಿಗೆ ಹೈಬ್ರಿಡ್, ಅದರ ಹಣ್ಣಿಂದ ಬೀಜ ತೆಗೆದು ಹಾಕಿದ್ರೆ ಒಂದೊಂದು ಗಿಡ ಒಂದೊಂದು ಥರ ಬರತ್ತೆ. ಸಾರಿಗೆ ಹುಳಿ ಬೇಕು ಅಂದ್ರೆ ನಾಟಿನೇ ಸರಿ, ಬೀಜಾನೂ ಮನೇಲೇ ಉಳಿಯತ್ತೆ.

ಬೀಜ ತೆಗೆಯೋದು ಹೀಗೆ. ಚೆನ್ನಾಗಿ ಹಣ್ಣಾದ್ದನ್ನ ಲೋಟಕ್ಕೆ ಹಿಂಡಿ ಸ್ವಲ್ಪ ನೀರು ಹಾಕಿ ಎರಡು ಮೂರು ದಿನ ಬಿಡಿ, ಮೇಲೆ ಬಿಳಿ ಪೊರೆ ಕಟ್ಟತ್ತೆ, ವಾಸನೆ ಬರತ್ತೆ, ಬರ್ಲಿ ಬಿಡಿ. ಬೀಜದ ಸುತ್ತ ಇರೋ ಲೋಳೆ ಮೊಳಕೆ ಬರೋದನ್ನ ತಡೆಯತ್ತೆ, ಹುಳಿ ಬಂದಾಗ್ಲೇ ಅದು ಬಿಡೋದು. ಆಮೇಲೆ ತೊಳೆದ್ರೆ ಜೊಳ್ಳು ತೇಲತ್ತೆ, ಗಟ್ಟಿ ಬೀಜ ತಳಕ್ಕೆ ಕೂರತ್ತೆ. ಸ್ಟೀಲ್ ತಟ್ಟೇಲಿ ನೆರಳಲ್ಲಿ ಒಣಗ್ಸಿ, ಪೇಪರ್ ಮೇಲೆ ಹಾಕಿದ್ರೆ ಅಂಟ್ಕೊಂಡು ಬಿಡತ್ತೆ. ಒಣಗಿದ ಬೀಜ ಹತ್ತಿರದಿಂದ ನೋಡಿ, ಮೈ ತುಂಬಾ ಸಣ್ಣ ರೋಮ ಇರತ್ತೆ.

ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜೊತೆ ಎರೆಗೊಬ್ಬರ ಕಲಸಿ ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ, ವಾರದೊಳಗೆ ಸಾಮಾನ್ಯವಾಗಿ ಮೊಳಕೆ ಬರತ್ತೆ. ಬಂದ ತಕ್ಷಣ ಬೆಳಕಿಗಿಡಿ, ಇಲ್ಲಾಂದ್ರೆ ಸಸಿ ಸಣಕಲಾಗಿ ಉದ್ದ ಹೋಗತ್ತೆ. ನೀರು ಜಾಸ್ತಿಯಾದ್ರೆ ಬುಡ ಕೊಳೆಯತ್ತೆ.

ತಿಂಗಳಾದ್ಮೇಲೆ ದೊಡ್ಡ ಪಾಟ್‌ಗೆ ಹಾಕುವಾಗ ಕೆಳಗಿನ ಎಲೆ ಕಿತ್ತು ಕಾಂಡ ಅರ್ಧದಷ್ಟು ಮಣ್ಣೊಳಗೆ ಹೋಗೋ ಹಾಗೆ ನೆಡಿ. ಬೇರೆ ಗಿಡಕ್ಕೆ ಹೀಗೆ ಮಾಡಿದ್ರೆ ಕೊಳೆತೋಗ್ಬೋದು, ಟೊಮ್ಯಾಟೊಗೆ ಆ ಕಾಂಡದಿಂದಾನೇ ಬೇರು ಹೊರಡತ್ತೆ, ಗಿಡ ಗಟ್ಟಿಯಾಗತ್ತೆ. ಆಗ್ಲೇ ಒಂದು ಕೋಲೂ ನೆಟ್ಬಿಡಿ.

ಹೂ ಬಂದಾಗ ಬೆಳಗ್ಗೆ ಹೊತ್ತು ಗೊಂಚಲನ್ನ ಬೆರಳಲ್ಲಿ ಮೆಲ್ಲಗೆ ತಟ್ಟಿ. ಪರಾಗ ಆ ಹೂವೊಳಗೇ ಉದುರಿದ್ರೆ ಸಾಕು, ಕಾಯಾಗತ್ತೆ. ಹೊಟ್ಟೆ ಮೇಲೆ ನೀಲಿ ಪಟ್ಟೆ ಇರೋ ಒಂದು ಜಾತಿ ದುಂಬಿ ಬರತ್ತೆ, ಹೂವಿಗೆ ಜೋತುಬಿದ್ದು ಝುಂಯ್ ಅಂತ ಅದುರಿಸಿ ಪರಾಗ ಉದುರ್ಸತ್ತೆ, ನೋಡೋಕೆ ತುಂಬಾ ಖುಷಿ. ಅದಕ್ಕೇ ನಾನು ಕೆಮಿಕಲ್ ಸ್ಪ್ರೇ ಮನೆಗೇ ತರಲ್ಲ.

ಬಿಳಿನೊಣ ಮಾತ್ರ ಬಿಡಬೇಡಿ, ಎಲೆ ಮುರುಟು ರೋಗ ಹರಡೋದೇ ಅದು. ಪೂರ್ತಿ ಮುರುಟಿದ ಗಿಡ ಸರಿಹೋಗಲ್ಲ, ಬೇಜಾರಾದ್ರೂ ಕಿತ್ತುಬಿಡಿ. ಉಳಿದವಕ್ಕೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ಹನಿ ಸೋಪು ಕಲಸಿ ಸಂಜೆ ಹೊಡೀರಿ, ಎಲೆ ಅಡಿಗೂ ಬೀಳ್ಬೇಕು, ನೊಣ ಇರೋದೇ ಅಲ್ಲಿ.