ಬೆಳ್ಳಕ್ಕಿಯ ಗರಿಗಾಗಿ: ಛಾಯಾಗ್ರಹಣ ಕಲಿಕೆಯ ಆರನೇ ವಾರ

ಕಳೆದ ವಾರ ಕುಕ್ಕರಹಳ್ಳಿ ಕೆರೆಯಲ್ಲಿ ತೆಗೆದ ಬೆಳ್ಳಕ್ಕಿಯ ಚಿತ್ರವನ್ನು ತೋರಿಸಿದಾಗ ಅಮ್ಮ ತುಸು ಹೊತ್ತು ನೋಡಿ, “ಗರಿಯೇ ಕಾಣುತ್ತಿಲ್ಲವಲ್ಲೋ, ಸುಣ್ಣ ಬಳಿದ ಹಾಗಿದೆ” ಎಂದರು. ನಿಜ. ಹಿಂದಿನ ಮರಗಳ ಎಲೆ ಎಲೆಯೂ ಸ್ಪಷ್ಟವಾಗಿತ್ತು, ಹಕ್ಕಿ ಮಾತ್ರ ಬಿಳಿಯ ತೇಪೆ. ಈ ವಾರ ಪೂರ್ತಿ ಅದೊಂದರ ಬೆನ್ನು ಹತ್ತಿದ್ದೆ.

ಮೊದಲ ಪ್ರಯೋಗ ತಾರಸಿಯ ಮೇಲೆ. ತಂತಿಯಲ್ಲಿ ಒಣಗುತ್ತಿದ್ದ ಅಪ್ಪನ ಬಿಳಿ ಪಂಚೆ ಚೌಕಟ್ಟು ತುಂಬುವಂತೆ ಒಂದು ಚಿತ್ರ, ಪಕ್ಕದಲ್ಲಿ ಬಿಚ್ಚಿಟ್ಟ ಕಪ್ಪು ಕೊಡೆಯದು ಇನ್ನೊಂದು. ಅಪರ್ಚರ್ (ಬೆಳಕು ಒಳಬರುವ ಕಂಡಿಯ ಅಗಲ) ಮಾತ್ರ ನನ್ನ ಆಯ್ಕೆ, ಶಟರ್ ವೇಗ (ಆ ಬೆಳಕು ಎಷ್ಟು ಹೊತ್ತು ಒಳಬರಬೇಕು ಎಂಬುದು) ಕ್ಯಾಮೆರಾದ್ದು. ಎರಡೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣದಲ್ಲಿ ಬಂದವು! ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರಿಗೆ ಪಂಚೆಯೂ ಗೊತ್ತಿಲ್ಲ, ಕೊಡೆಯೂ ಗೊತ್ತಿಲ್ಲ. ಎದುರಿಗೆ ಏನೇ ಇರಲಿ, ಅದನ್ನು ನಡು ಬೂದಿಗೆ ತರುವುದೊಂದೇ ಅದರ ಕೆಲಸ. ದಟ್ಟ ಮರಗಳ ಮುಂದೆ ಬೆಳ್ಳಕ್ಕಿ ಚಿಕ್ಕದಾಗಿ ನಿಂತಿದ್ದರೆ ಮೀಟರ್ ಲೆಕ್ಕಕ್ಕೆ ಹಿಡಿಯುವುದು ಮರಗಳನ್ನು. ಆ ಕಪ್ಪನ್ನು ಬೂದಾಗಿಸಲು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ, ಹಕ್ಕಿ ವಿವರವಿಲ್ಲದ ಬಿಳುಪಾಗಿ ‘ಸುಟ್ಟುಹೋಗುತ್ತದೆ’.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಮತ್ತೆ ಕೆರೆಯ ದಂಡೆಗೆ ಹೋದೆ. ಬಿಸಿಲು ಬೆನ್ನ ಹಿಂದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400, ಅಪರ್ಚರ್ ಎಫ್ 5.6. ಕ್ಯಾಮೆರಾ ಹೇಳಿದ ವೇಗ 1/320 ಸೆಕೆಂಡ್. ತೆಗೆದೆ, ಬಿಳುಪು ಸುಟ್ಟಿದೆ ಎಂದು ಪರದೆಯಲ್ಲಿ ಹಕ್ಕಿಯ ಮೈಯೆಲ್ಲ ಮಿನುಗಿ ಎಚ್ಚರಿಸಿತು. ಮ್ಯಾನ್ಯುಯಲ್‌ಗೆ ಬಂದು ವೇಗವನ್ನು ನಾನೇ 1/640ಕ್ಕೆ ಇಟ್ಟೆ. ಬೆಳಕು ಅರ್ಧಕ್ಕಿಳಿಯಿತು, ಆದರೂ ಬೆನ್ನು ಮಿನುಗುತ್ತಿತ್ತು. 1/1250ರಲ್ಲಿ ಮಿನುಗು ನಿಂತಿತು. ಹಿಗ್ಗಿಸಿ ನೋಡಿದರೆ ಒಂದೊಂದೇ ಗರಿ! ಹಿಂದಿನ ಮರಗಳು ಕಪ್ಪಾಗಿದ್ದವು, ಹಾಗಿದ್ದದ್ದೇ ಚೆನ್ನ ಎನ್ನಿಸಿತು.

ಆಗಲೇ ಬಂಡೆಯ ಮೇಲೆ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಹಿಂದೆ ಹೊಳೆಯುವ ನೀರು. ಈ ಬಾರಿ ಮೀಟರ್ 1/2500 ಎಂದಿತು. ಅದರ ಮಾತು ಕೇಳಿದ್ದರೆ ಹಕ್ಕಿ ಬರೀ ಕಪ್ಪು ಆಕಾರವಾಗುತ್ತಿತ್ತು. ನಾನು 1/1250 ಬದಲಿಸಲಿಲ್ಲ. ಎರಡೂ ಹಕ್ಕಿಗಳ ಮೇಲೆ ಬೀಳುತ್ತಿದ್ದುದು ಒಂದೇ ಬಿಸಿಲು ತಾನೆ? ಕರಿಯ ರೆಕ್ಕೆಯ ಅಂಚುಗಳೂ ಬಂದವು. ಈ ಆರು ವಾರಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಗಳಿಗೆ ಅದು.

ಭಾನುವಾರ ರಂಗನತಿಟ್ಟು. ದೋಣಿ ಬಿಸಿಲಿನಲ್ಲಿದ್ದಷ್ಟು ಹೊತ್ತು ಅದೇ ಅಳತೆ ಕೈ ಬಿಡಲಿಲ್ಲ. ಚಮಚದ ಕೊಕ್ಕಿನ ಹಕ್ಕಿಗಳ ಬಿಳುಪು ಒಂದೂ ಕೆಡಲಿಲ್ಲ. ಮರಗಳ ನೆರಳಿಗೆ ಸರಿದ ಕೂಡಲೇ ಎಲ್ಲವೂ ಕತ್ತಲೆ. ಐಎಸ್‌ಒ 1600ಕ್ಕೆ ಏರಿಸಿ, ವೇಗವನ್ನು 1/500ಕ್ಕೆ ಇಳಿಸುವಷ್ಟರಲ್ಲಿ ಅಂಬಿಗರು ದೋಣಿಯನ್ನು ಒಂದು ಗೂಡಿನಾಚೆ ದಾಟಿಸಿಯಾಗಿತ್ತು. ಗೂಡಿನಲ್ಲಿ ಮರಿಗಳಿದ್ದವು. ಈಗಲೂ ಕಣ್ಣ ಮುಂದಿವೆ.

ಕ್ಯಾಮೆರಾದ ಡಯಲಿನಲ್ಲಿ ಸಿ1 ಎಂಬ ಗುರುತಿದೆ. ಬೇಕಾದ ಅಳತೆಗಳನ್ನು ಅಲ್ಲಿ ಉಳಿಸಿಟ್ಟರೆ ಒಂದೇ ತಿರುವಿಗೆ ಸಿಗುತ್ತವೆ. ನೆರಳಿನ ಅಳತೆಯನ್ನು ನಿನ್ನೆ ರಾತ್ರಿ ಅದಕ್ಕೆ ಸೇರಿಸಿದೆ. ಕ್ಯಾಮೆರಾವನ್ನು ಕಣ್ಣಿನಿಂದ ತೆಗೆಯದೆಯೇ ಡಯಲ್ ತಿರುಗಿಸುವ ಅಭ್ಯಾಸ ಮನೆಯಲ್ಲೇ ನಡೆದಿದೆ. ಮುಂದಿನ ಭಾನುವಾರ ಮತ್ತೆ ದೋಣಿ ಹತ್ತುತ್ತೇನೆ.