ಗೆದ್ದವರಿಗೆ ಯಾರೂ ‘ಹ್ಯಾಂಗ್ ಇನ್ ದೇರ್’ ಅನ್ನುವುದಿಲ್ಲ

ಪಕ್ಕದ ಮೇಜಿನ ಸಹೋದ್ಯೋಗಿ ಬೆಳಿಗ್ಗೆ ಬಂದವಳೇ, ‘ಅಮ್ಮನನ್ನು ರಾತ್ರಿ ಆಸ್ಪತ್ರೆಗೆ ಸೇರಿಸಿದೆವು’ ಅನ್ನುತ್ತಾಳೆ. ಹೊರದೇಶಕ್ಕೆ ಹೊಸದಾಗಿ ಬಂದ ಕನ್ನಡಿಗರ ಬಾಯಿಂದ ಆಗ ಥಟ್ಟನೆ ಬರುವುದು ‘ಡೋಂಟ್ ವರಿ, ನಥಿಂಗ್ ವಿಲ್ ಹ್ಯಾಪನ್’. ಮನಸ್ಸಿನಲ್ಲಿದ್ದದ್ದು ‘ಏನೂ ಆಗಲ್ಲ ಬಿಡಿ’. ಆ ‘ಬಿಡಿ’ಯಲ್ಲಿರುವ ಸಮಾಧಾನ ಇಂಗ್ಲಿಷಿಗೆ ದಾಟುವುದೇ ಇಲ್ಲ. ಕೇಳಿದವಳಿಗೆ ‘ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯ’ ಅಂತಲೋ, ಇನ್ನೂ ಕೆಟ್ಟದಾಗಿ, ‘ಯಾರು ಏನು ಮಾಡಿದರೂ ಪರಿಸ್ಥಿತಿ ಬದಲಾಗಲ್ಲ’ ಅಂತಲೋ ಕೇಳಿಸುತ್ತದೆ. ಅಲ್ಲಿ ಸಲ್ಲುವ ಮಾತು ಚಿಕ್ಕದು: ‘ಐ ಆ್ಯಮ್ ಸೋ ಸಾರಿ. ಹೌ ಈಸ್ ಶೀ ಡೂಯಿಂಗ್?’

ಈ ‘ಸಾರಿ’ಯೇ ನಮ್ಮವರಿಗೆ ಮೊದಲ ತೊಡಕು. ನಮಗೆ ಸಾರಿ ಎಂದರೆ ಕ್ಷಮೆ. ಹಾಗಾಗಿ ಯಾರಾದರೂ ನಮ್ಮ ಕಷ್ಟ ಕೇಳಿ ‘ಸಾರಿ’ ಅಂದರೆ ‘ಅಯ್ಯೋ, ನೀವು ಯಾಕೆ ಸಾರಿ ಕೇಳ್ತೀರಿ, ನಿಮ್ಮದೇನು ತಪ್ಪು’ ಎಂದು ಉತ್ತರ ಕೊಟ್ಟುಬಿಡುತ್ತೇವೆ. ಆ ಪದದ ಬೇರು ಹಳೆಯ ಇಂಗ್ಲಿಷಿನ ‘ನೋವು’. ಹುಣ್ಣಿನ ನೋವಿಗೆ ಹೇಳುವ ‘ಸೋರ್’ ಅದರ ದಾಯಾದಿ. ಕ್ಷಮೆ ಆಮೇಲೆ ಸೇರಿಕೊಂಡ ಅರ್ಥ. ‘ನಿನ್ನ ನೋವು ನನಗೂ ತಟ್ಟಿತು’ ಎಂದು ತಿಳಿದುಕೊಂಡರೆ ಹೇಳಲೂ ಸಲೀಸು, ಕೇಳಿಸಿಕೊಳ್ಳಲೂ ಸಲೀಸು. ಉತ್ತರವಾಗಿ ‘ಥ್ಯಾಂಕ್ ಯೂ’ ಸಾಕು.

ಎರಡನೆಯ ತೊಡಕು ವ್ಯಾಕರಣದ್ದು, ಯಾರೂ ಹೇಳಿಕೊಡದೇ ಇರುವಂಥದ್ದು. ಕನ್ನಡದಲ್ಲಿ ಧೈರ್ಯ ಹೇಳುವಾಗ ನಾವು ಆಜ್ಞೆ ಮಾಡುತ್ತೇವೆ: ಧೈರ್ಯವಾಗಿರು, ಚೆನ್ನಾಗಿ ಬರಿ, ಹೆದರಬೇಡ, ಹುಷಾರಾಗಿ ಹೋಗಿ ಬಾ. ಆ ಆಜ್ಞೆಯಲ್ಲಿ ಸಲಿಗೆಯಿದೆ, ಹಿರಿತನದ ಅಕ್ಕರೆಯಿದೆ. ಅದನ್ನೇ ‘ಬಿ ಬೋಲ್ಡ್, ಡೂ ವೆಲ್, ಡೋಂಟ್ ಫಿಯರ್’ ಅಂದರೆ ಮೇಷ್ಟ್ರು ಬೆತ್ತ ಹಿಡಿದು ನಿಂತಂತಾಗುತ್ತದೆ. ಆಡುಮಾತಿನ ಇಂಗ್ಲಿಷ್ ಇಂಥ ಕಡೆ ಹೆಚ್ಚಾಗಿ ಸಂಗತಿಯೊಂದನ್ನು ಹೇಳಿ ಸುಮ್ಮನಾಗುತ್ತದೆ. ‘ಯೂಲ್ ಬಿ ಫೈನ್’, ‘ಯೂಲ್ ಡೂ ಗ್ರೇಟ್’, ‘ಯೂವ್ ಗಾಟ್ ದಿಸ್’. ಕೊನೆಯದರ ಅರ್ಥ ‘ಇದು ಆಗಲೇ ನಿನ್ನ ಕೈಯಲ್ಲಿದೆ’. ಚೆನ್ನಾಗಿ ಮಾಡು ಅನ್ನುವ ಬದಲು ಚೆನ್ನಾಗಿ ಮಾಡುತ್ತೀಯ ಅನ್ನುವುದು. ‘ಗೋ ಫಾರ್ ಇಟ್’ (ಮುನ್ನುಗ್ಗು), ‘ಹ್ಯಾಂಗ್ ಇನ್ ದೇರ್’ (ಬಿಡದೆ ತಾಳಿಕೊಂಡಿರು) ಕೂಡ ಆಜ್ಞೆಗಳೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಅವು ಬಳಸಿ ಬಳಸಿ ಸವೆದ ನುಡಿಗಟ್ಟುಗಳು, ಆಜ್ಞೆಯ ಮೊನೆ ಮೊಂಡಾಗಿದೆ. ನಾವೇ ಹೊಸದಾಗಿ ಕಟ್ಟಿದ ಆಜ್ಞೆಗೆ ಆ ರಿಯಾಯಿತಿ ಇಲ್ಲ.

ಮೇಲೆ ನಿಂತು ಹೇಳಿದ ಧೈರ್ಯದ ಮಾತು ಇಂಗ್ಲಿಷರಲ್ಲೂ ಕೈಕೊಟ್ಟದ್ದುಂಟು. 1939ರಲ್ಲಿ ಬ್ರಿಟನ್ನಿನ ಮಾಹಿತಿ ಸಚಿವಾಲಯ ಯುದ್ಧದ ಹೊತ್ತಿಗೆಂದು ಭಿತ್ತಿಚಿತ್ರಗಳನ್ನು ಅಚ್ಚು ಹಾಕಿಸಿತು. ಗೋಡೆಗೇರಿದ ಒಂದರ ಮೇಲೆ ‘ನಿಮ್ಮ ಧೈರ್ಯ, ನಿಮ್ಮ ಉಲ್ಲಾಸ, ನಿಮ್ಮ ಛಲ ನಮಗೆ ಗೆಲುವು ತರುತ್ತದೆ’ ಎಂದಿತ್ತು. ಕಷ್ಟವೆಲ್ಲ ನಮ್ಮದು, ಗೆಲುವು ಮಾತ್ರ ನಿಮ್ಮದೋ ಎಂದು ಜನರಿಗೆ ಕಿರಿಕಿರಿಯಾಯಿತು. ಈಗ ಮಗ್ಗು, ಟೀ ಶರ್ಟುಗಳ ಮೇಲೆಲ್ಲ ಕಾಣುವ ‘ಕೀಪ್ ಕಾಮ್ ಆ್ಯಂಡ್ ಕ್ಯಾರಿ ಆನ್’ (ಗಾಬರಿಯಾಗದೆ ನಿಮ್ಮ ಕೆಲಸ ಮುಂದುವರಿಸಿ) ಅದೇ ಸರಣಿಯದು. ಲಕ್ಷಗಟ್ಟಲೆ ಅಚ್ಚಾಗಿಯೂ ಆ ಕಾಲದಲ್ಲಿ ಅದು ಹೆಚ್ಚುಕಡಿಮೆ ಹೊರಗೇ ಬರಲಿಲ್ಲ. 2000ದಲ್ಲಿ ಇಂಗ್ಲೆಂಡಿನ ಆನಿಕ್ ಎಂಬ ಊರಿನ ಹಳೆ ಪುಸ್ತಕದಂಗಡಿಯಲ್ಲಿ ಒಂದು ಪ್ರತಿ ಸಿಕ್ಕ ಮೇಲೆಯೇ ಅದಕ್ಕೆ ಶುಕ್ರದೆಸೆ. ಇವತ್ತಿಗೂ ಅದನ್ನು ನಗುತ್ತಾ ಹೇಳುತ್ತಾರೆಯೇ ಹೊರತು ಅಳುತ್ತಿರುವವರಿಗೆ ಹೇಳುವುದಿಲ್ಲ.

ಇನ್ನು ಯಾವ ಮಾತು ಯಾವಾಗ ಎನ್ನುವುದು. ನುಡಿಗಟ್ಟಿನ ಅರ್ಥ ಬಾಯಿಪಾಠ ಮಾಡಿದವರೂ ಎಡವುವುದು ಇಲ್ಲೇ, ಏಕೆಂದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಒಂದೊಂದು ಹೊತ್ತು ಅಂಟಿಕೊಂಡಿದೆ. ಸಂದರ್ಶನಕ್ಕೋ ಪರೀಕ್ಷೆಗೋ ಹೊರಟವರಿಗೆ ‘ಗುಡ್ ಲಕ್’, ‘ಯೂವ್ ಗಾಟ್ ದಿಸ್’. ನಮ್ಮ ಪ್ರೀತಿಯ ‘ಆಲ್ ದ ಬೆಸ್ಟ್’ ತಪ್ಪೇನಲ್ಲ, ಆದರೆ ಅಲ್ಲಿ ಅದು ಕೆಲಸ ಬಿಟ್ಟು ಹೋಗುವವರಿಗೆ, ಪತ್ರದ ಕೊನೆಗೆ ಹೆಚ್ಚು ಸಲ್ಲುವ ಮಾತು. ಪರೀಕ್ಷೆಯ ಬಾಗಿಲಲ್ಲಿ ಹೇಳಿದರೆ ಸ್ವಲ್ಪ ಬೀಳ್ಕೊಡುಗೆಯ ವಾಸನೆ. ‘ಗುಡ್ ಲಕ್’ಗೆ ‘ವಿತ್ ದಟ್’ ಸೇರಿಸಲೇಬೇಡಿ. ‘ಗುಡ್ ಲಕ್ ವಿತ್ ದಟ್’ ಅಂದರೆ ಬಹಳ ಸಲ ‘ಅದು ಆಗೋ ಹೋಗೋ ಮಾತಲ್ಲ, ನೋಡ್ಕೋ’ ಎಂಬ ಕುಹಕ. ವೇದಿಕೆ ಏರುವ ನಟರಿಗೆ, ಸಂಗೀತಗಾರರಿಗೆ ‘ಬ್ರೇಕ್ ಎ ಲೆಗ್’. ಆಪರೇಷನ್ನಿಗೆ ಹೊರಟವರಿಗೆ ಕಾಲು ಮುರಿದುಕೋ ಅನ್ನುವುದು ಬೇಡ. ಫಲಿತಾಂಶಕ್ಕೆ ಕಾಯುತ್ತಿದ್ದಾರೆ, ಮಾಡುವುದೆಲ್ಲ ಮುಗಿದಿದೆ ಎಂದಾದರೆ ‘ಯೂವ್ ಗಾಟ್ ದಿಸ್’ ಕೆಲಸಕ್ಕೆ ಬಾರದು, ಅವರ ಕೈಯಲ್ಲೇನೂ ಉಳಿದಿಲ್ಲ. ಆಗ ‘ಫಿಂಗರ್ಸ್ ಕ್ರಾಸ್ಡ್’, ಅಂದರೆ ಒಳ್ಳೆಯದೇ ಆಗಲಿ ಎಂಬ ಹಾರೈಕೆ.

‘ಹ್ಯಾಂಗ್ ಇನ್ ದೇರ್’ ನಡುವಿನ ಹೊತ್ತಿನದು. ಕಷ್ಟ ಶುರುವಾಗಿರಬೇಕು, ಮುಗಿದಿರಬಾರದು, ಬೇಗ ಮುಗಿಸುವುದು ಆ ಮನುಷ್ಯನ ಕೈಯಲ್ಲಿ ಇರಬಾರದು. ಮೂರೂ ಕೂಡಿದರೆ ಮಾತು ನೆಟ್ಟಗೆ ಕೂರುತ್ತದೆ. ಮೂರು ತಿಂಗಳಿಂದ ಕೆಲಸ ಹುಡುಕುತ್ತಿರುವವರಿಗೆ, ನಿದ್ದೆಗೆಟ್ಟ ಬಾಣಂತಿಗೆ, ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಸಿಕ್ಕಿಕೊಂಡವರಿಗೆ ಸಲ್ಲುತ್ತದೆ. ನಾಳೆ ಮೊದಲ ದಿನ ಕೆಲಸಕ್ಕೆ ಹೋಗುವವರಿಗೆ ಹೇಳಿದರೆ ‘ಅಲ್ಲಿ ಅಷ್ಟು ಕಷ್ಟವಿದೆಯಾ’ ಎಂದು ಗಾಬರಿಯಾದಾರು. ಇದರಲ್ಲಿ ‘ಬಿಡಬೇಡ, ಜೋತುಕೊಂಡಿರು’ ಎಂಬ ಚಿತ್ರವಿದೆ. ಕೊಂಬೆಗೆ ಜೋತ ಬೆಕ್ಕಿನ ಮರಿಯ ಭಿತ್ತಿಚಿತ್ರ 1970ರ ದಶಕದಲ್ಲಿ ಅಮೆರಿಕದಲ್ಲಿ ಅಷ್ಟು ಹಬ್ಬಿತ್ತು ಎಂದರೆ ಇಂದಿಗೂ ಈ ಮಾತಿನ ಬೆನ್ನಿಗೆ ಕೊಂಚ ತಮಾಷೆ ಅಂಟಿಕೊಂಡಿದೆ. ಹಾಗಾಗಿ ಸಾವಿನ ಮನೆಗೆ ಇದು ಬೇಡ.

ಗೆದ್ದ ಮೇಲಿನ ಮಾತುಗಳು ಕಿವಿಗೆ ಸ್ವಲ್ಪ ಹಿಂಸೆಯಾಗಿ ಬೀಳುತ್ತವೆ. ‘ಯೂ ಕಿಲ್ಡ್ ಇಟ್’, ‘ಕ್ರಶ್ಡ್ ಇಟ್’, ಬ್ರಿಟನ್ನಿನಲ್ಲಿ ‘ಸ್ಮ್ಯಾಶ್ಡ್ ಇಟ್’: ಕೊಂದೆ, ಜಜ್ಜಿದೆ, ಪುಡಿ ಮಾಡಿದೆ. ಎಲ್ಲವೂ ‘ಸಕತ್ತಾಗಿ ಮಾಡಿದೆ’ಯೇ. ‘ಯೂ’ ಎಂಬುದೂ ‘ಇಟ್’ ಎಂಬುದೂ ಜಾಗದಲ್ಲಿರಲಿ. ‘ಇಟ್ ಕಿಲ್ಡ್ ಯೂ’ ಅಂದುಬಿಟ್ಟರೆ ಕತೆ ಬೇರೆ. ‘ವೇ ಟು ಗೋ’ ಅಮೆರಿಕದ ಶಭಾಷ್. ಯಾರೋ ಲೋಟ ಬೀಳಿಸಿ ಒಡೆದಾಗ ಹೇಳಿದರೆ ಅದೇ ಮಾತು ಚುಚ್ಚು.

ಸೋತ ಮೇಲೆ? ‘ಟಫ್ ಲಕ್’ ಬಿಟ್ಟುಬಿಡಿ. ಕಾಗದದ ಮೇಲೆ ಅನುಕಂಪ, ಬಾಯಲ್ಲಿ ಹೆಚ್ಚಾಗಿ ‘ಅನುಭವಿಸು’. ‘ದಟ್ಸ್ ರಫ್’, ‘ದಟ್ ಮಸ್ಟ್ ಹರ್ಟ್’ ಮೇಲು. ಗೆಳೆಯರ ನಡುವೆ ‘ದಟ್ ಸಕ್ಸ್’ ನಡೆಯುತ್ತದೆ. ಬಾಸ್ ಮುಂದೆ, ವಯಸ್ಸಾದವರ ಮುಂದೆ ಒರಟು. ಬ್ರಿಟನ್ನಿನ ಆಟದ ಮೈದಾನದಲ್ಲಿ ಗೋಲು ಸ್ವಲ್ಪದರಲ್ಲಿ ತಪ್ಪಿದವನಿಗೆ ‘ಅನ್‌ಲಕಿ!’ ಎಂದು ಕೂಗುವುದು ಪ್ರೋತ್ಸಾಹ. ಚೆನ್ನಾಗಿ ಹೊಡೆದೆ, ಅದೃಷ್ಟ ಕೈಕೊಟ್ಟಿತು ಎಂದು.

ದೇಶ ದಾಟಿದರೆ ಇನ್ನಷ್ಟು ಗುಂಡಿಗಳು. ‘ಐ ಆ್ಯಮ್ ರೂಟಿಂಗ್ ಫಾರ್ ಯೂ’ ಅಮೆರಿಕದಲ್ಲಿ ‘ನಾನು ನಿನ್ನ ಪಕ್ಷ’. ಆಸ್ಟ್ರೇಲಿಯಾದಲ್ಲಿ ಆ ಕ್ರಿಯಾಪದಕ್ಕೆ ಹಾಸಿಗೆಯ ಅರ್ಥವಿದೆ, ಹೇಳಿದರೆ ಎದುರಿನವರು ತುಟಿ ಕಚ್ಚಿ ನಗು ತಡೆಯುತ್ತಾರೆ. ಅಲ್ಲಿನವರು ಅದಕ್ಕೇ ‘ಬ್ಯಾರಕ್ ಫಾರ್’ ಅನ್ನುತ್ತಾರೆ. ಅದನ್ನು ಕಲಿತು ಬ್ರಿಟನ್ನಿಗೆ ಹೋದರೆ, ಅಲ್ಲಿ ‘ಬ್ಯಾರಕ್’ ಮಾಡುವುದೆಂದರೆ ಕೂಗಿ ಗೇಲಿ ಮಾಡುವುದು! ಬ್ರಿಟನ್ನಿನ ಹಳಬರ ‘ಕೀಪ್ ಯುವರ್ ಪೆಕರ್ ಅಪ್’ ಎಂದರೆ ಉತ್ಸಾಹ ಕಳೆದುಕೊಳ್ಳಬೇಡ. ಅಮೆರಿಕದಲ್ಲಿ ಪೆಕರ್ ಗಂಡಸರ ಅಂಗ. ‘ಚಿನ್ ಅಪ್’ ಅಂದರೆ ಎಲ್ಲೂ ಅಪಾಯವಿಲ್ಲ. ಬ್ರಿಟಿಷರ ‘ನಾಟ್ ಬ್ಯಾಡ್ ಅಟ್ ಆಲ್’ ಒಳ್ಳೆಯ ಹೊಗಳಿಕೆ, ಆದರೆ ಅವರ ‘ಕ್ವೈಟ್ ಗುಡ್’ ಬಹಳ ಸಲ ‘ಪರವಾಗಿಲ್ಲ’ದ ಮಟ್ಟ, ಅಮೆರಿಕನ್ನರ ‘ಕ್ವೈಟ್ ಗುಡ್’ ಅದಕ್ಕಿಂತ ಮೇಲೆ. ಆಸ್ಟ್ರೇಲಿಯಾದ ‘ಗುಡ್ ಆನ್ ಯಾ’, ಐರ್ಲೆಂಡಿನ ‘ಫೇರ್ ಪ್ಲೇ ಟು ಯೂ’ ಎರಡೂ ಮೆಚ್ಚುಗೆ. ಬಂದ ಹೊಸತರಲ್ಲಿ ಇವನ್ನು ಕೇಳಿ ಅರ್ಥ ಮಾಡಿಕೊಂಡರೆ ಸಾಕು. ಎರವಲು ಉಚ್ಚಾರಣೆಯಲ್ಲಿ ‘ಗುಡ್ ಆನ್ ಯಾ ಮೇಟ್’ ಎಂದು ಶುರು ಹಚ್ಚಿಕೊಳ್ಳುವುದು ನಮ್ಮ ಮಟ್ಟಿಗೆ ಅಷ್ಟು ಶೋಭಿಸುವುದಿಲ್ಲ.

ಉಚ್ಚಾರಣೆ ಎಂದಾಗ: ‘ಯೂವ್ ಗಾಟ್ ದಿಸ್’ನಲ್ಲಿ ಒತ್ತು ‘ಗಾಟ್’ ಮೇಲೆ. ಮೂರು ಪದಕ್ಕೂ ಸಮ ತೂಕ ಕೊಟ್ಟರೆ ‘ನಿನಗೆ ಇದು ಸಿಕ್ಕಿದೆ’ ಎಂಬ ಮಾಹಿತಿಯಂತಾಗುತ್ತದೆ. ‘ವೆಲ್ ಡನ್’, ‘ಗುಡ್ ಫಾರ್ ಯೂ’ ಇವನ್ನು ದನಿ ಏರಿಳಿಸದೆ ಚಪ್ಪಟೆಯಾಗಿ ಹೇಳಿದರೆ ವ್ಯಂಗ್ಯವೆಂದೇ ಎಣಿಸುತ್ತಾರೆ. ಬರಹದಲ್ಲಿ ಈ ಪಾತ್ರ ಪೂರ್ಣವಿರಾಮದ್ದು. 2015ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ, ಚುಟುಕು ಮೆಸೇಜಿನ ಉತ್ತರದ ಕೊನೆಗೆ ಚುಕ್ಕಿ ಇದ್ದರೆ ಓದಿದವರಿಗೆ ಅದು ಕಡಿಮೆ ಪ್ರಾಮಾಣಿಕ ಅನ್ನಿಸಿತ್ತು. ಕೈಬರಹದ ಚೀಟಿಯಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮೊಬೈಲಿನಲ್ಲಿ ‘ಯೂಲ್ ಬಿ ಫೈನ್’ ಬರೆದು ಚುಕ್ಕಿ ಇಡದೆ ಬಿಡುವುದು ಲೇಸು. ಇಷ್ಟು ಸಣ್ಣದಕ್ಕೂ ಮುನಿಸೇ ಎನ್ನಬೇಡಿ, ನಮ್ಮಲ್ಲಿ ಬರೀ ‘ಸರಿ’ ಎಂದು ಬಂದ ಮೆಸೇಜಿಗೆ ಎಷ್ಟು ಅರ್ಥ ಹುಡುಕುತ್ತೇವೆ!

ಮೇಲಿನವರಿಗೆ ಹೇಳುವಾಗ ಇನ್ನೊಂದು ಎಚ್ಚರ. ‘ಗುಡ್ ಜಾಬ್’, ‘ಕೀಪ್ ಅಪ್ ದ ಗುಡ್ ವರ್ಕ್’ ಮೇಲಿಂದ ಕೆಳಕ್ಕೆ ಹರಿಯುವ ಮಾತುಗಳು, ಅಂಕಪಟ್ಟಿಯ ಷರಾ ಇದ್ದಂತೆ. ಮ್ಯಾನೇಜರಿಗೆ ಹೇಳಿದರೆ ಅವರಿಗೆ ನೀವು ಅಂಕ ಕೊಟ್ಟ ಹಾಗೆ. ಅಲ್ಲಿ ತೀರ್ಪು ಬಿಟ್ಟು ಕಂಡದ್ದನ್ನು ಹೇಳಬೇಕು: ‘ಐ ರಿಯಲಿ ಲೈಕ್ಡ್ ಹೌ ಯೂ ಆನ್ಸರ್ಡ್ ದಟ್ ಲಾಸ್ಟ್ ಕ್ವೆಶ್ಚನ್’. ಸರೀಕರಿಗೆ ಹೇಳುವಾಗಲೂ ಈ ಉಪಾಯ ಬಹಳ ಕೆಲಸ ಮಾಡುತ್ತದೆ. ಒಂದು ನುಡಿಗಟ್ಟು, ಜೊತೆಗೆ ಆ ಮನುಷ್ಯನಿಗೆ ಮಾತ್ರ ಹೊಂದುವ ಒಂದು ವಿವರ. ‘ಯೂವ್ ಗಾಟ್ ದಿಸ್. ಯೂ ನೋ ದೋಸ್ ನಂಬರ್ಸ್ ಬೆಟರ್ ದ್ಯಾನ್ ಎನಿವನ್’, ಅಂದರೆ ಆ ಲೆಕ್ಕ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಎರಡು ವಾಕ್ಯ, ಅಷ್ಟೇ. ನಾವು ‘ಆಲ್ ದ ಬೆಸ್ಟ್, ಡೂ ವೆಲ್, ಡೋಂಟ್ ಟೇಕ್ ಟೆನ್ಷನ್, ಗಾಡ್ ಈಸ್ ದೇರ್’ ಎಂದು ನಾಲ್ಕನ್ನು ಒಂದೇ ಉಸಿರಿಗೆ ಪೋಣಿಸುತ್ತೇವೆ. ಕೇಳಿದವರಿಗೆ ಇವರಿಗೇ ನನಗಿಂತ ಹೆಚ್ಚು ಭಯವಾಗಿದೆಯೇನೋ ಅನ್ನಿಸುತ್ತದೆ. ಅಂದಹಾಗೆ ‘ಟೇಕ್ ಟೆನ್ಷನ್’ ನಮ್ಮ ದೇಶದ ಇಂಗ್ಲಿಷ್; ಹೊರಗೆ ‘ಟ್ರೈ ನಾಟ್ ಟು ಸ್ಟ್ರೆಸ್’.

ಸಾವು, ಗರ್ಭಪಾತ, ದೊಡ್ಡ ಕಾಯಿಲೆ: ಇಲ್ಲಿ ಆಡುಮಾತಿನ ಚುರುಕು ಪೂರ್ತಿ ಬದಿಗಿಡಬೇಕು. ‘ಎವೆರಿಥಿಂಗ್ ಹ್ಯಾಪನ್ಸ್ ಫಾರ್ ಎ ರೀಸನ್’ ನಮಗೆ ‘ಎಲ್ಲಾ ಹಣೆಬರಹ’ದ ತಮ್ಮನಂತೆ ಕಂಡರೂ, ಮಗು ಕಳೆದುಕೊಂಡವರಿಗೆ ಅದು ಬೆಂಕಿ. ‘ಅಟ್ ಲೀಸ್ಟ್’ ಎಂದು ಶುರುವಾಗುವ ಯಾವ ವಾಕ್ಯವೂ ಬೇಡ: ಕೊನೇಪಕ್ಷ ನೋವಿಲ್ಲದೆ ಹೋದರು, ಕೊನೇಪಕ್ಷ ಇನ್ನೊಂದು ಮಗುವಿದೆ. ನಮ್ಮಲ್ಲಿ ಇದನ್ನು ಸಮಾಧಾನವೆಂದೇ ಹೇಳುತ್ತೇವೆ, ಇಂಗ್ಲಿಷಿನಲ್ಲಿ ದುಃಖವನ್ನು ತಕ್ಕಡಿಗೆ ಹಾಕಿದಂತೆ ಕೇಳುತ್ತದೆ. ವಾಸಿಯಾಗದ ಕಾಯಿಲೆಯವರಿಗೆ ‘ಗೆಟ್ ವೆಲ್ ಸೂನ್’ ಕಾರ್ಡು ಕಳಿಸುವುದೂ ಹಾಗೇ. ‘ಥಿಂಕಿಂಗ್ ಆಫ್ ಯೂ’ ಎಂದಿರುವ ಕಾರ್ಡು ಆರಿಸಿ. ‘ಐ ಆ್ಯಮ್ ಸೋ ಸಾರಿ ಫಾರ್ ಯುವರ್ ಲಾಸ್’ ಎಷ್ಟು ಸವೆದಿದ್ದರೂ ಅದೇ ಸರಿ. ಹೊಸದು ಹೇಳಬೇಕೆಂಬ ಹಟ ಅಲ್ಲಿ ಬೇಕಿಲ್ಲ.

‘ಲೆಟ್ ಮಿ ನೋ ಇಫ್ ಯೂ ನೀಡ್ ಎನಿಥಿಂಗ್’ ಎಲ್ಲರೂ ಹೇಳುತ್ತಾರೆ, ಅದನ್ನು ಹಿಡಿದು ಬಾಯಿಬಿಟ್ಟು ಕೇಳುವವರು ಕಡಿಮೆ. ಯಾಕೆಂದರೆ ಏನು ಬೇಕೆಂದು ಯೋಚಿಸುವ ಕೆಲಸವನ್ನು ನೊಂದವರ ತಲೆಗೇ ಕಟ್ಟಿದಂತಾಯಿತು. ದಿನ, ಹೊತ್ತು, ಕೆಲಸ ಮೂರನ್ನೂ ಸೇರಿಸಿ: ‘ಐ ಕ್ಯಾನ್ ಪಿಕ್ ಅಪ್ ದ ಕಿಡ್ಸ್ ಆನ್ ಥರ್ಸ್‌ಡೇ ಅಟ್ ತ್ರೀ. ವುಡ್ ದಟ್ ಹೆಲ್ಪ್?’ ಅವರು ಹೂಂ ಅಥವಾ ಬೇಡ ಅಂದರೆ ಮುಗಿಯಿತು. ಬೇಡ ಅಂದರೆ ನಮ್ಮಲ್ಲಿಯ ಹಾಗೆ ಮೂರು ಸಲ ಒತ್ತಾಯಿಸಬಾರದು, ಅಲ್ಲಿ ಸಾಮಾನ್ಯವಾಗಿ ‘ಬೇಡ’ ಅಂದರೆ ಬೇಡವೇ. ಒಂದು ವಾರ ಬಿಟ್ಟು ಇನ್ನೊಮ್ಮೆ ಕೇಳಬಹುದು. ಇನ್ನು ಗೆಳೆಯರು ಗೋಳು ತೋಡಿಕೊಳ್ಳಲು ಶುರು ಮಾಡಿದಾಗ ನಾವು ತಕ್ಷಣ ಪರಿಹಾರ ಹೇಳಲು ಹೊರಡುತ್ತೇವೆ. ಅದಕ್ಕೆ ಮುಂಚೆ ‘ಡೂ ಯೂ ವಾಂಟ್ ಅಡ್ವೈಸ್, ಆರ್ ಡೂ ಯೂ ಜಸ್ಟ್ ವಾಂಟ್ ಟು ವೆಂಟ್?’ ಎಂದು ಕೇಳಿಬಿಡಿ. ಬರೀ ಹೊರಹಾಕಬೇಕಿದೆ ಅಂದರೆ ನಡುನಡುವೆ ‘ದಟ್ಸ್ ಅ ಲಾಟ್’ ಅನ್ನುತ್ತಾ ಕಿವಿಗೊಡುವುದು. ‘ಕಾಮ್ ಡೌನ್’ ಅಂದಿರೋ, ಉರಿಯುವುದಕ್ಕೆ ಎಣ್ಣೆ.

ಇದೆಲ್ಲ ನಿಮ್ಮ ಕಡೆಗೆ ತಿರುಗಿದಾಗ ‘ಹೌ ಆರ್ ಯೂ’ ಮತ್ತು ‘ಹೌ ಆರ್ ಯೂ ಹೋಲ್ಡಿಂಗ್ ಅಪ್’ ಎರಡನ್ನೂ ಒಂದೇ ಎಂದುಕೊಳ್ಳಬೇಡಿ. ಮೊದಲನೆಯದು ನಮಸ್ಕಾರದ ಬದಲಿ, ‘ಗುಡ್, ಯೂ?’ ಎಂದರೆ ಮುಗಿಯಿತು. ಎರಡನೆಯದನ್ನು, ನಿಮಗೆ ಕಷ್ಟವಿದೆ ಎಂದು ಗೊತ್ತಿದ್ದವರು ಮಾತ್ರ ಕೇಳುತ್ತಾರೆ. ‘ಫೈನ್’ ಎಂದು ಬಾಗಿಲು ಹಾಕಿಕೊಂಡರೆ ಅವರು ಮತ್ತೆ ತಟ್ಟಲು ಹಿಂಜರಿಯುತ್ತಾರೆ. ಹಾಗಂತ ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕಬೇಕಿಲ್ಲ. ‘ಹ್ಯಾಂಗಿಂಗ್ ಇನ್ ದೇರ್’, ಹೇಗೋ ನಡೀತಿದೆ ಅಂದರೂ ಆಯಿತು. ಮುಂದಕ್ಕೆ ಕೇಳಬೇಕೋ ಬೇಡವೋ ಎಂಬುದನ್ನು ಅವರು ನಿಮ್ಮ ದನಿಯಿಂದ ತಿಳಿದುಕೊಳ್ಳುತ್ತಾರೆ.