‘ಫ್ರೆಂಡ್ಲಿ’ ಎಂದು ಟಿಕ್ ಹಾಕಿದ ಕೈಗೇ ಕಚ್ಚಿತು

ಮನೆಮನೆಗೆ ಹೋಗಿ ನಾಯಿಗಳನ್ನು ಪಳಗಿಸುವುದು ನನ್ನ ಕೆಲಸ. ನೀರ್ಚಾಲಿನ ಆ ಮನೆಯ ಬಗ್ಗೆ ಕಂಪನಿಯ ಆ್ಯಪ್‌ನಲ್ಲಿ ಬಂದದ್ದು ಇಷ್ಟೇ: ‘ಇಂಟ್ರೊ. ರೆಸಿಡೆಂಟ್ ಸ್ಮಾಲ್, ನ್ಯೂ ಲಾರ್ಜ್. ಸ್ಲಾಟ್ 30 ನಿಮಿಷ.’ ಅಷ್ಟರಲ್ಲಿ ಎರಡು ನಾಯಿಗಳಿಗೆ ಪರಿಚಯ ಮಾಡಿಸಿ, ಫೋಟೊ ಹೊಡೆದು, ಫಾರ್ಮ್ ತುಂಬಿಸಿ ಕುಂಬಳೆಗೆ ಓಡಬೇಕು. ಈ ಲೆಕ್ಕ ಹಾಕಿದವರು ಕಣ್ಣೂರಿನ ಆಫೀಸಿನಲ್ಲಿ ಏಸಿ ಕೆಳಗೆ ಕೂತವರು. ಅವರ ಮನೆಯಲ್ಲಿ ಬೆಕ್ಕೂ ಇರಲಿಕ್ಕಿಲ್ಲ.

ಮನೆಯ ನಾಯಿ ಚಿಕ್ಕು. ಪೊಮೇರಿಯನ್, ಒಂಬತ್ತು ವರ್ಷ, 6 ಕಿಲೋ. ಹೊಸಬ ಬ್ರೂನೋ, ಜರ್ಮನ್ ಶೆಫರ್ಡ್, 34 ಕಿಲೋ. ಬೆಂಗಳೂರಿನಲ್ಲಿದ್ದ ಮಗ ದುಬೈಗೆ ಹೊರಟವನು ನಾಯಿಯನ್ನು ಅಮ್ಮನ ಹತ್ತಿರ ಬಿಟ್ಟಿದ್ದ.

ರಸ್ತೆಯಲ್ಲಿ ಪ್ಯಾರಲಲ್ ವಾಕ್, ಅಂದರೆ ಎರಡನ್ನೂ ಅಂತರ ಬಿಟ್ಟು ಒಂದೇ ದಿಕ್ಕಿಗೆ ನಡೆಸುವುದು, ಮಾಡಿಸಿಯೇ ಮನೆಗೆ ತರಬೇಕಿತ್ತು. ಆದರೆ ಆಟಿಯ ಮಳೆ, ಅಂಗಳ ತುಂಬ ನೀರು. “ಜಗಲಿಯಲ್ಲೇ ಮಾಡುವ ಅಕ್ಕ” ಎಂದೆ. “ಅಡ್ಡಿಲ್ಲ ತಮ್ಮ, ನಮ್ಮ ಚಿಕ್ಕು ಪಾಪದ್ದು, ಎಂತ ಮಾಡುದಿಲ್ಲ” ಎಂದರು ಅವರು.

ಊಟದ ಬಟ್ಟಲು, ಚೆಂಡು ಎಲ್ಲ ಒಳಗೆ ಇಡಿಸಿದೆ. ಬೆಂಚಿನ ಕೆಳಗೆ ಮಡಚಿಟ್ಟ ಗೋಣಿ ಕಂಡಿತ್ತು. ಗೋಣಿ ಅಲ್ವಾ ಎಂದು ಬಿಟ್ಟೆ. ಒಂಬತ್ತು ವರ್ಷದಿಂದ ಚಿಕ್ಕು ಮಲಗುವುದು ಅದರ ಮೇಲೆಯೇ ಅಂತ ಆಮೇಲೆ ಗೊತ್ತಾಯಿತು.

ಬ್ರೂನೋ ಬಾಲ ಆಡಿಸುತ್ತಿತ್ತು. ಬಾಲ ಮೇಲಕ್ಕೆ, ಆಡಿಸುವುದು ನಿಧಾನ. ಅದು ಸ್ನೇಹದ ಬಾಲ ಅಲ್ಲ ಅಂತ ಗಿರಾಕಿಗಳಿಗೆ ಪಾಠ ಹೇಳುವವನೇ ನಾನು. ಚಿಕ್ಕು ಮೊದಲು ಬೊಗಳಿತು, ಆಮೇಲೆ ಒಮ್ಮೆಲೇ ಸುಮ್ಮನಾಯಿತು. ಬಾಯಿ ಮುಚ್ಚಿತ್ತು, ಕಣ್ಣಿನ ಬಿಳಿ ಕಾಣುತ್ತಿತ್ತು, ಮೂಗನ್ನು ಒಂದು ಸಲ ನೆಕ್ಕಿಕೊಂಡಿತು. ಇಷ್ಟೆಲ್ಲ ಈಗ ನೆನಪಾಗುತ್ತದೆ. ಆಗ ನಾನು ಅಂದುಕೊಂಡದ್ದು, ಅಬ್ಬ, ತಣ್ಣಗಾಯಿತು ಅಂತ. ಎಡಗೈಗೆ ಬ್ರೂನೋನ ಹಗ್ಗ ಬಿಗಿಯಾಗಿ ಸುತ್ತಿಕೊಂಡು ಬಲಗೈಯಲ್ಲಿ ಫೋನ್ ತೆಗೆದೆ. ‘ಟೆಂಪರಮೆಂಟ್: ಫ್ರೆಂಡ್ಲಿ.’ ಟಿಕ್.

ಬ್ರೂನೋ ಗೋಣಿಯ ಮೂಲೆಗೆ ಮೂಗು ತಾಗಿಸಿತು. ಅಷ್ಟೆ.

ಹಾರಿದ್ದು ಚಿಕ್ಕು. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಬ್ರೂನೋನ ಎದೆಯ ಅಡಿಗೆ ಬಿದ್ದಿತ್ತು, ಬೊಬ್ಬೆಯೇ ಬೊಬ್ಬೆ. ನಾನು ಫೋನ್ ಬಿಸಾಡಿ, ಜಗಳದ ನಡುವೆ ಯಾರೂ ಕೈ ಹಾಕಬಾರದು ಎಂದು ದಿನಾ ಹೇಳುವ ಅದೇ ಬಾಯಿಯಲ್ಲಿ “ಏಯ್” ಎನ್ನುತ್ತಾ ಚಿಕ್ಕುವಿನ ಕಾಲರ್‌ಗೆ ಕೈ ಹಾಕಿದೆ. ಹೆಬ್ಬೆರಳಿನ ಬುಡಕ್ಕೆ ಹಲ್ಲು ಇಳಿಯಿತು. ಪಾಪದ್ದರದ್ದೇ.

ಬಿಡಿಸಿದ್ದು ಅಕ್ಕ. ಕಂಬಕ್ಕೆ ಒರಗಿಸಿದ್ದ ಒದ್ದೆ ಕೊಡೆ ತೆಗೆದು ಎರಡರ ನಡುವೆ ಪಟ್ಟನೆ ಬಿಡಿಸಿದರು. ಬ್ರೂನೋ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿಯಿತು, ನಾನು ಹಗ್ಗ ಎಳೆದುಕೊಂಡೆ. ಎಲ್ಲ ಸೇರಿ ಹತ್ತು ಸೆಕೆಂಡೂ ಆಗಿರಲಿಕ್ಕಿಲ್ಲ. ಚಿಕ್ಕುವಿನ ಕುತ್ತಿಗೆಯ ಕೂದಲೆಲ್ಲ ಜೊಲ್ಲು, ಗಾಯ ಒಂದೂ ಇಲ್ಲ. ಬ್ರೂನೋ ಮನಸ್ಸು ಮಾಡಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನನ್ನ ಕಾಲು ನಡುಗಿದ್ದು ಆಮೇಲೆ.

ಅಕ್ಕ ಅರಶಿನ ತಂದರು. ಬೇಡ ಎಂದು ನಳ್ಳಿಯ ಕೆಳಗೆ 15 ನಿಮಿಷ ಸಾಬೂನು ಹಾಕಿ ತೊಳೆದೆ. ಈ ಕೆಲಸಕ್ಕೆ ಸೇರುವಾಗಲೇ ರೇಬೀಸ್ ಲಸಿಕೆ ಪೂರ್ತಿ ಆಗಿದ್ದರಿಂದ ಎರಡು ಡೋಸಿನಲ್ಲಿ ಮುಗಿಯಿತು, ಅವತ್ತೊಂದು, ಮೂರು ದಿನ ಬಿಟ್ಟು ಒಂದು. ರಜೆ ಮಾತ್ರ ನನ್ನ ಲೆಕ್ಕದಿಂದಲೇ ಕಡಿದರು.

ಮಳೆ ಬಿಟ್ಟ ದಿನ ನೋಡಿ ಮೂರು ಸಲ ಹೋದೆ. ಕಂಗಿನ ತೋಟದ ಬದಿಯ ರಸ್ತೆಯಲ್ಲಿ ಇಪ್ಪತ್ತು ಅಡಿ ಅಂತರ, ಹಗ್ಗ ಸಡಿಲ, ಇಬ್ಬರೂ ಒಂದೇ ದಿಕ್ಕಿಗೆ. ಬ್ರೂನೋ ಉಚ್ಚೆ ಹೊಯ್ದ ಕಲ್ಲನ್ನು ಚಿಕ್ಕು ಮೂಸಿ ನೋಡಿತು, ಚಿಕ್ಕು ಹೊಯ್ದದ್ದನ್ನು ಬ್ರೂನೋ. ಮೂರನೇ ದಿನ ಒಟ್ಟಿಗೆ ಅಂಗಳಕ್ಕೆ ಬಂದವು. ಗೋಣಿ ಒಳಗಿನ ಕೋಣೆಗೆ ಹೋಯಿತು. ಮನೆಯಲ್ಲಿ ಯಾರೂ ಇಲ್ಲದಾಗ ಇಬ್ಬರನ್ನೂ ಬೇರೆ ಬೇರೆ ಕೂಡಿ ಹಾಕಿ ಎಂದೆ. 34 ಕಿಲೋದ ನಾಯಿ ಆಟಕ್ಕೆ ಕಾಲಿಟ್ಟರೂ 6 ಕಿಲೋದ್ದಕ್ಕೆ ಮೂಳೆ ಮುರಿಯಬಹುದು.

ಒಂದು ಸ್ಲಾಟಿನ ಕೆಲಸಕ್ಕೆ ಮೂರು ಭೇಟಿ ಯಾಕೆ ಎಂದು ಆ್ಯಪ್ ಕಾರಣ ಕೇಳಿತು. ‘ಇತರೆ’ ಒತ್ತಿ ‘ಗೋಣಿ’ ಎಂದು ಬರೆದೆ. ಮರುದಿನ ಕಣ್ಣೂರಿನಿಂದ ಫೋನು. ಗೋಣಿ ಎಂದರೆ ನಾಯಿಯ ಹೆಸರಾ, ಕಾಯಿಲೆಯಾ ಎಂದು ಮಲಯಾಳದಲ್ಲಿ ಕೇಳಿದರು. ಗೋಣಿಗೆ ಅವರ ಭಾಷೆಯಲ್ಲಿ ಹೇಳುವ ಹಾಗೆ ‘ಚಾಕ್ಕ್’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.